ಕೈ ತೊಳೆದ ಮೇಲಿನ ಕಾಲು ಗಂಟೆ: ಊಟ, ನಡಿಗೆ, ರಕ್ತದ ಸಕ್ಕರೆ

ಬೆಳಗ್ಗೆ ಐದೂವರೆಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ನಡೆಯುವುದು, ಮನೆಗೆ ಬಂದು ಆರು ನೀರುದೋಸೆ ತಿನ್ನುವುದು, ಆಮೇಲೆ ಮಧ್ಯಾಹ್ನದ ತನಕ ಅಂಗಡಿಯ ಗಲ್ಲಾದಲ್ಲೋ ಕಚೇರಿಯ ಕುರ್ಚಿಯಲ್ಲೋ ಕೂರುವುದು. ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆ ಹೀಗೆ ದಿನ ಕಳೆಯುವವರು ಬೇಕಾದಷ್ಟು ಮಂದಿ. ಆ ಬೆಳಗಿನ ನಡಿಗೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆರು ದೋಸೆಯಿಂದ ರಕ್ತಕ್ಕೆ ಏರುವ ಸಕ್ಕರೆಯನ್ನು ಅದು ಹೆಚ್ಚೇನೂ ತಗ್ಗಿಸುವುದಿಲ್ಲ. ಅದೇ ಒಂದು ಗಂಟೆಯಲ್ಲಿ ಕಾಲು ಗಂಟೆ ಕಡಿದು ತಿಂಡಿಯ ಬೆನ್ನಿಗೆ ಇಟ್ಟರೆ ತಗ್ಗುತ್ತದೆ. ನಡೆದ ದೂರ ಅಷ್ಟೇ, ಬದಲಾದದ್ದು ಹೊತ್ತು ಮಾತ್ರ.

ಇಲ್ಲಿ ಹೇಳುವುದೆಲ್ಲ ಮಧುಮೇಹವಿಲ್ಲದ ವಯಸ್ಕರಿಗೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗುವವರು ನಡಿಗೆಯ ಹೊತ್ತು ಬದಲಿಸುವ ಮೊದಲು ವೈದ್ಯರಲ್ಲಿ ಕೇಳಬೇಕು. ಮದ್ದು ಮತ್ತು ನಡಿಗೆ ಎರಡೂ ಒಟ್ಟಿಗೆ ಎಳೆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ತುತ್ತು ಇಳಿದ ಮೇಲೆ

ಆರೋಗ್ಯವಂತರಲ್ಲಿ ರಾತ್ರಿ ಉಪವಾಸದ ನಂತರ ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ 70ರಿಂದ 99 ಮಿ.ಗ್ರಾಂ. ಒಳಗೆ ಇರುತ್ತದೆ. ಉಣ್ಣಲು ಸುರುಮಾಡಿ ಹತ್ತು ಹದಿನೈದು ನಿಮಿಷಕ್ಕೆ ಅದು ಏರತೊಡಗುತ್ತದೆ. ಸಾಮಾನ್ಯವಾಗಿ 30ರಿಂದ 60 ನಿಮಿಷದ ನಡುವೆ ತುದಿ ಮುಟ್ಟಿ, ಎರಡು ಮೂರು ಗಂಟೆಯಲ್ಲಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಊಟವಾದ ಮೇಲೆ ಸಕ್ಕರೆ ಏರುವುದು ರೋಗವಲ್ಲ. ತುದಿಯಲ್ಲಿ ಒಮ್ಮೊಮ್ಮೆ 140 ದಾಟಿ ಬೇಗ ಇಳಿದರೂ ಗಾಬರಿ ಬೇಡ. ನಡಿಗೆಯಿಂದ ಆಗಬೇಕಾದದ್ದು ಆ ಗುಡ್ಡೆಯ ನೆತ್ತಿಯನ್ನು ಸ್ವಲ್ಪ ತಟ್ಟಿ ಚಪ್ಪಟೆ ಮಾಡುವ ಕೆಲಸ. ದಿನಕ್ಕೆ ಮೂರು ನಾಲ್ಕು ಸಲ, ವರ್ಷಗಟ್ಟಲೆ ಆ ಏರಿಳಿತ ಸಣ್ಣದಾಗಿದ್ದಷ್ಟು ಇನ್ಸುಲಿನ್ ಸ್ರವಿಸುವ ಮೇದೋಜೀರಕ ಗ್ರಂಥಿಗೆ ದುಡಿತ ಕಡಿಮೆ.

ಸಕ್ಕರೆ ಸ್ನಾಯುವಿನೊಳಗೆ ಹೋಗುವುದು ಗ್ಲುಟ್-4 ಎಂಬ ಪ್ರೋಟೀನಿನ ಮೂಲಕ. ಕೂತಿರುವಾಗ ಆ ಪ್ರೋಟೀನು ಜೀವಕೋಶದ ಒಳಗೇ ಅಡಗಿರುತ್ತದೆ. ಇನ್ಸುಲಿನ್ ಬಂದು ಕರೆದ ಮೇಲೆ ಮೇಲ್ಮೈಗೆ ಬರುತ್ತದೆ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಕರೆಯದಿದ್ದರೂ ಬರುತ್ತದೆ. ಕರುಳಿನಿಂದ ಸಕ್ಕರೆ ಬರುತ್ತಿರುವ ಹೊತ್ತಿಗೇ ಕಾಲು ಆಡಿದರೆ ಸಕ್ಕರೆಗೆ ಎರಡು ದಾರಿ ಒಟ್ಟಿಗೆ ತೆರೆದಂತೆ. ಸಕ್ಕರೆ ಬಂದು, ಏರಿ, ಇಳಿದ ಮೇಲೆ ನಡೆದರೆ ದಾರಿಯೇನೋ ತೆರೆಯುತ್ತದೆ, ಹೋಗಲು ಹೆಚ್ಚು ಉಳಿದಿರುವುದಿಲ್ಲ.

ಖಾಲಿ ಹೊಟ್ಟೆಯ ನಡಿಗೆಯ ಲೆಕ್ಕ ಬೇರೆ. ಆಗ ರಕ್ತಕ್ಕೆ ಸಕ್ಕರೆ ಕೊಡುತ್ತಿರುವುದು ಯಕೃತ್ತು. ಕಾಲು ಬಳಸಿದಷ್ಟನ್ನು ಅದು ತುಂಬಿಕೊಡುವುದರಿಂದ ನಡಿಗೆಗೆ ಮೊದಲು 88 ಇದ್ದದ್ದು ಆಮೇಲೂ ಸುಮಾರು ಅಲ್ಲಿಯೇ ಇರುತ್ತದೆ. ಕೊಬ್ಬು ಹೆಚ್ಚು ಉರಿಯುತ್ತದೆ. ಹಾಗೆ ಉರಿಯುವಾಗ ರಕ್ತದಲ್ಲಿ ಕೊಬ್ಬಿನ ಆಮ್ಲಗಳು ಏರಿರುವುದರಿಂದ, ಕೂಡಲೇ ತಿಂದ ತಿಂಡಿಯ ಸಕ್ಕರೆ ತಗ್ಗದೆ, ಕೆಲವರಲ್ಲಿ ತುಸು ಹೆಚ್ಚೇ ಕಾಣಿಸಬಹುದು. ಹಾಗೆಂದು ಅದು ದಂಡವಲ್ಲ. ವ್ಯಾಯಾಮದ ನಂತರ ಒಂದೆರಡು ದಿನ ಸ್ನಾಯುಗಳು ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತವೆ. ಬ್ರಿಟನ್ನಿನ ಬಾತ್ ಮತ್ತು ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯಗಳ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಹೆಚ್ಚಿದ್ದ ಗಂಡಸರು ಆರು ವಾರ ತಿಂಡಿಗೆ ಮೊದಲು ಸೈಕಲ್ ತುಳಿದಾಗ, ತಿಂಡಿಯ ನಂತರ ತುಳಿದವರಿಗಿಂತ ಇನ್ಸುಲಿನ್ ಪ್ರತಿಕ್ರಿಯೆ ಹೆಚ್ಚು ಸುಧಾರಿಸಿತ್ತು. ಅಂದರೆ ಬೆಳಗಿನ ನಡಿಗೆಯ ಫಲ ವಾರಗಳ ಮೇಲೆ, ಊಟದ ನಂತರದ ನಡಿಗೆಯ ಫಲ ಆ ಹೊತ್ತಿನ ಊಟಕ್ಕೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಹಟ ಬೇಡ. ಇರುವ ಸಮಯವನ್ನು ಒಡೆದು ಹಂಚಿಕೊಂಡರಾಯಿತು.

ಯಾವಾಗ ಏಳುವುದು, ಎಷ್ಟು ನಡೆಯುವುದು

ಸಮಯವನ್ನು ಮೊದಲ ತುತ್ತಿನಿಂದ ಲೆಕ್ಕ ಹಾಕಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಊಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು ಎನ್ನಿ. ಕೈತೊಳೆದು, ಬಟ್ಟಲೆತ್ತಿ, ಒಂದು ಲೋಟ ನೀರು ಕುಡಿಯುವಾಗ ಮತ್ತೆ ಐದು ನಿಮಿಷ. ಆಗಲೇ ಗಡಿಯಾರದಲ್ಲಿ 25 ನಿಮಿಷವಾಗಿದೆ, ಸಕ್ಕರೆ ಏರುತ್ತಲೇ ಇದೆ. ಹೊರಡಬೇಕಾದದ್ದು ಈಗ. ನಮ್ಮಲ್ಲಿ ಈ ಹೊತ್ತಿಗೆ ಎಲೆತಟ್ಟೆ ಎದುರಿಗೆ ಬರುತ್ತದೆ, ಸುಣ್ಣ ಹಚ್ಚುತ್ತ ಅರ್ಧ ಗಂಟೆ ಮಾತು ಸಾಗುತ್ತದೆ. ಸಕ್ಕರೆ ತುದಿಗೇರುವ ಅರ್ಧ ಗಂಟೆಯೂ ಸರಿಯಾಗಿ ಅದೇ. ಮೊದಲ ತುತ್ತಿನಿಂದ ಒಂದು ಗಂಟೆ ಕಳೆದ ಮೇಲೆ ಎದ್ದರೆ ಅನೇಕರಲ್ಲಿ ತುದಿ ದಾಟಿರುತ್ತದೆ. ಆಗ ನಡೆದರೂ ಲಾಭ ಉಂಟು, ಆದರೆ ನೆತ್ತಿ ತಗ್ಗುವುದಿಲ್ಲ, ಇಳಿಜಾರು ಮಾತ್ರ ಬೇಗವಾಗುತ್ತದೆ.

ನಡಿಗೆ 15 ನಿಮಿಷ ಇರಲಿ. ಹತ್ತು ನಿಮಿಷವೂ ನಡೆದೀತು. ವೇಗ ನಿಮಿಷಕ್ಕೆ ಸುಮಾರು ನೂರು ಹೆಜ್ಜೆ. ಜೊತೆಯವರೊಂದಿಗೆ ಮಾತಾಡಲು ಆಗಬೇಕು, ಭಾಗವತಿಕೆಯ ಹಾಡು ಹಾಡಲು ಆಗಬಾರದು. ಉಂಡ ಮೇಲೆ ನೂರು ಹೆಜ್ಜೆ ಹಾಕಬೇಕು ಎಂಬ ಹಳೆಯ ಮಾತು ಹೊತ್ತಿನ ವಿಷಯದಲ್ಲಿ ಸರಿಯಾಗಿಯೇ ಇದೆ, ಲೆಕ್ಕದಲ್ಲಿ ಮಾತ್ರ ಜಿಪುಣ. ನೂರು ಹೆಜ್ಜೆ ಒಂದು ನಿಮಿಷಕ್ಕೆ ಮುಗಿಯುತ್ತದೆ. ಹದಿನೈದು ನಿಮಿಷಕ್ಕೆ ಸಾವಿರದ ಐನೂರು ಹೆಜ್ಜೆ, ಸುಮಾರು ಒಂದು ಕಿಲೋಮೀಟರು.

ದಿನಕ್ಕೆ ಒಂದೇ ಸಲ ಸಾಧ್ಯ ಎನ್ನುವವರು ರಾತ್ರಿಯ ಊಟವನ್ನು ಆರಿಸಿಕೊಳ್ಳಲಿ. ಒಂದೇ ಅಳತೆಯ ಅನ್ನವನ್ನು ದೇಹ ಬೆಳಗ್ಗೆ ನಿಭಾಯಿಸಿದಷ್ಟು ಚೆನ್ನಾಗಿ ರಾತ್ರಿ ನಿಭಾಯಿಸುವುದಿಲ್ಲ. ಸಾಲದ್ದಕ್ಕೆ ರಾತ್ರಿ ಉಂಡವರು ಟಿವಿ ಮುಂದೆ ಕೂತು ಹಾಗೆಯೇ ಹಾಸಿಗೆಗೆ ಹೋಗುತ್ತಾರೆ. ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹದ ಅಂಚಿನಲ್ಲಿದ್ದ ಹಿರಿಯರನ್ನು ಒಮ್ಮೆ ಒಂದೇ ಹಿಡಿತದಲ್ಲಿ 45 ನಿಮಿಷ, ಇನ್ನೊಮ್ಮೆ ಮೂರು ಊಟದ ನಂತರ 15 ನಿಮಿಷದಂತೆ ನಡೆಸಿದರು. ರಾತ್ರಿ ಊಟದ ನಂತರದ ಸಕ್ಕರೆಯನ್ನು ಚೆನ್ನಾಗಿ ಇಳಿಸಿದ್ದು ಒಡೆದು ನಡೆದದ್ದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ 2016ರ ಅಧ್ಯಯನ ಟೈಪ್ 2 ಮಧುಮೇಹಿಗಳ ಮೇಲೆ ನಡೆದದ್ದು. ದಿನಕ್ಕೊಮ್ಮೆ 30 ನಿಮಿಷ ನಡೆದದ್ದಕ್ಕಿಂತ ಪ್ರತಿ ಊಟದ ಮೇಲೆ 10 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ 12 ಶೇಕಡಾ ಕಡಿಮೆ, ರಾತ್ರಿ ಊಟದ ನಂತರ 22 ಶೇಕಡಾ ಕಡಿಮೆ. ಈ ಅಂಕಿಗಳನ್ನು ಆರೋಗ್ಯವಂತರಿಗೆ ಹಾಗೆಯೇ ಅಂಟಿಸಬಾರದು. ಆರೋಗ್ಯವಂತರಲ್ಲಿ ಏರುವುದೇ ಕಡಿಮೆ, ಆದ್ದರಿಂದ ಇಳಿಯುವುದೂ ಕಡಿಮೆ. ದಿಕ್ಕು ಮಾತ್ರ ಒಂದೇ.

ಮಧ್ಯಾಹ್ನವೇ ದೊಡ್ಡ ಊಟವಾದ ಮನೆಗಳಲ್ಲಿ ಮಧ್ಯಾಹ್ನಕ್ಕೂ ಗಮನ ಕೊಡಬೇಕು. ಬೆಂದ ಅನ್ನ 300 ಗ್ರಾಂ, ಅಂದರೆ ದೊಡ್ಡ ಸೌಟಿನಲ್ಲಿ ಮೂರು ಸಲ ಬಡಿಸಿದಷ್ಟು, ಉಂಡರೆ ಅದರಲ್ಲಿ ಹತ್ತಿರ ಹತ್ತಿರ 75 ಗ್ರಾಂ ಪಿಷ್ಟ. ಲ್ಯಾಬಿನಲ್ಲಿ ಮಧುಮೇಹ ಪರೀಕ್ಷೆಗೆ ಕುಡಿಸುವ ಗ್ಲೂಕೋಸ್ ಕೂಡ 75 ಗ್ರಾಮೇ. ಅನ್ನ ಗ್ಲೂಕೋಸಿನಷ್ಟು ಬೇಗ ಕರಗುವುದಿಲ್ಲ ನಿಜ, ಕುಚ್ಚಲಕ್ಕಿ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿಗಿಂತ ಇನ್ನೂ ನಿಧಾನ. ಗಂಜಿ ಮಾಡಿ ಉಂಡರೆ ಆ ಅನುಕೂಲ ಸ್ವಲ್ಪ ಕೈತಪ್ಪುತ್ತದೆ: ಅಗುಳು ಮೆತ್ತಗಾಗಿರುತ್ತದೆ, ಬೇಗ ಸುರಿದುಕೊಂಡು ಮುಗಿಸುತ್ತೇವೆ. ಗಂಜಿಯ ದಿನ ಬೇಗ ಹೊರಡಿ, ಜೊತೆಗೆ ಬರೀ ಉಪ್ಪಿನಕಾಯಿಯ ಬದಲು ಪಚ್ಚೆಹೆಸರಿನ ಪಲ್ಯ ಇರಲಿ. ಯಾವ ಊಟದಲ್ಲೂ ಮೊದಲು ಪಲ್ಯ, ತರಕಾರಿ, ಆಮೇಲೆ ಅನ್ನ ಎಂಬ ಕ್ರಮ ಸಕ್ಕರೆಯ ಏರಿಕೆಯನ್ನು ನಿಧಾನ ಮಾಡುತ್ತದೆ.

ಆಟಿಯ ಮಳೆಗೆ ಏನು ಮಾಡುವುದು

ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ 'ದಿನಾ ಹೊರಗೆ ನಡೆಯಿರಿ' ಎಂಬ ಉಪದೇಶ ಜೂನಿನಲ್ಲಿಯೇ ನೆನೆದು ಹೋಗುತ್ತದೆ. ಮೂವತ್ತು ಅಡಿ ಉದ್ದದ ಜಗಲಿ ಇದ್ದರೆ ಐವತ್ತು ಸಲ ಹೋಗಿ ಬನ್ನಿ, 900 ಮೀಟರಿಗೆ ಸ್ವಲ್ಪ ಮೇಲಾಯಿತು. ತಿರುಗುವಾಗ ವೇಗ ಕುಂದುವುದರಿಂದ 15 ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಯಾವಾಗಲೂ ಒಂದೇ ಬದಿಗೆ ತಿರುಗಬೇಡಿ, ಮಂಡಿ ನೋಯುತ್ತದೆ. ಪಾಚಿ ಹಿಡಿದ ಅಂಗಳಕ್ಕೆ ಇಳಿಯುವುದು ಬೇಡವೇ ಬೇಡ. ಸಕ್ಕರೆ ಇಳಿಸಲು ಹೋಗಿ ಸೊಂಟ ಮುರಿದುಕೊಂಡರೆ ಲೆಕ್ಕ ತಾಳೆಯಾಗುವುದಿಲ್ಲ.

ಫ್ಲಾಟಿನಲ್ಲಿರುವವರಿಗೆ, ಜಗಲಿಯಿಲ್ಲದವರಿಗೆ ಬೇರೆ ದಾರಿ: ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 20 ಸಲ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು 10 ಸಲ, ನಿಂತಲ್ಲೇ ಮೊಣಕಾಲೆತ್ತಿ ಹೆಜ್ಜೆ ಹಾಕುವುದು ಎರಡು ನಿಮಿಷ. ಇದನ್ನು ಮೂರು ಸುತ್ತು ಮಾಡಿದರೆ ಹತ್ತು ಹನ್ನೆರಡು ನಿಮಿಷ ಕಳೆಯುತ್ತದೆ. ಎಲ್ಲವೂ ಕಾಲಿನ ಕೆಲಸವೇ ಏಕೆಂದರೆ ದೇಹದ ದೊಡ್ಡ ಸ್ನಾಯುಗಳು ಇರುವುದು ತೊಡೆ, ಪೃಷ್ಠ, ಮೀನಖಂಡಗಳಲ್ಲಿ. ಸಕ್ಕರೆ ಹೀರುವ ಜಾಗ ಹೆಚ್ಚಿರುವುದೂ ಅಲ್ಲಿಯೇ.

ತೋಟದ ಕೆಲಸವೂ ವ್ಯಾಯಾಮವೇ ಅಲ್ಲವೇ ಎಂದರೆ, ಕೆಲಸ ನೋಡಿ ಹೇಳಬೇಕು. ಬಿದ್ದ ಅಡಿಕೆ ಹೆಕ್ಕುವುದು, ಅಂಗಳದ ಅಡಿಕೆಯನ್ನು ಕಾಲಿನಲ್ಲಿ ಮಗುಚುವುದು, ತೋಟಕ್ಕೆ ಹೋಗಿ ನೀರು ತಿರುಗಿಸಿ ಬರುವುದು ಲೆಕ್ಕಕ್ಕೆ ಸೇರುತ್ತವೆ. ಕೂತು ಅಡಿಕೆ ಸುಲಿಯುವುದು ಎಷ್ಟು ಬೆವರು ಬಂದರೂ ಸೇರುವುದಿಲ್ಲ, ಕಾಲು ಮಡಚಿಕೊಂಡೇ ಇರುತ್ತದೆ. ಹೊಟ್ಟೆ ತುಂಬ ಉಂಡ ಕೂಡಲೇ ಮರ ಹತ್ತುವ ಕೆಲಸ, ಅಡಿಕೆಯ ಕೊನೆ ತೆಗೆಯುವುದೋ ಮರಕ್ಕೆ ಮದ್ದು ಬಿಡುವುದೋ, ಬೇಡ. ಊಟದ ನಂತರ ರಕ್ತ ಹೊಟ್ಟೆಯ ಕಡೆ ಹೆಚ್ಚು ಹರಿಯುತ್ತದೆ. ಕೆಲವರಿಗೆ, ಮುಖ್ಯವಾಗಿ ಅರುವತ್ತು ದಾಟಿದವರಿಗೆ, ಆಗ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಅಂಥವರು ಊಟವಾದ ಮೇಲೆ ಸಟ್ಟನೆ ಏಳದೆ ಹತ್ತು ಹದಿನೈದು ನಿಮಿಷ ಕೂತು, ನಿಧಾನ ಎದ್ದು, ಅಂಗಳದಲ್ಲೇ ನಡೆಯಲಿ.

ರಾತ್ರಿ ಹೊರಗೆ ನಡೆಯುವವರಿಗೆ ಟಾರ್ಚು ಕೈಯಲ್ಲಿ, ಚಪ್ಪಲಿ ಕಾಲಲ್ಲಿ. ಹಾವಿಗೆ ನಿಮ್ಮ ಸಕ್ಕರೆಯ ಚಿಂತೆ ಇಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆ ಕೂಡ ಈ ನಡಿಗೆಗೆ ಹೇಳಿದ ಜಾಗವಲ್ಲ.

ಕಚೇರಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದೇ ಸಲ 15 ನಿಮಿಷ ಸಿಗುವುದಿಲ್ಲವೇ? ಅರ್ಧ ಗಂಟೆಗೊಮ್ಮೆ ಎದ್ದು ಎರಡರಿಂದ ಐದು ನಿಮಿಷ ಓಡಾಡಿ. ಸುಮ್ಮನೆ ಎದ್ದು ನಿಂತರೂ ಸಕ್ಕರೆ ಅಲ್ಪ ಸ್ವಲ್ಪ ಇಳಿಯುತ್ತದೆ, ನಡೆದರೆ ಅದಕ್ಕಿಂತ ಹೆಚ್ಚು.

ಓಟ, ಕಬಡ್ಡಿ, ಜಿಮ್

ಇದುವರೆಗೆ ಹೇಳಿದ್ದು ಹಗುರ ನಡಿಗೆಗೆ. ಏದುಸಿರು ಬರುವ ಆಟಕ್ಕೆ ನಿಯಮ ಬೇರೆ. ಪೂರ್ತಿ ಊಟವಾದ ಮೇಲೆ ಎರಡು ಮೂರು ಗಂಟೆ ಬಿಡಿ, ಬಾಳೆಹಣ್ಣಿನಷ್ಟು ಸಣ್ಣ ತಿನಿಸಾದರೆ ಒಂದು ಗಂಟೆ ಸಾಕು. ಇಲ್ಲವಾದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಹುಳಿತೇಗು ಬರುತ್ತದೆ, ತಿಂದದ್ದು ಹೊರಗೆ ಬರುವುದೂ ಉಂಟು.

ಮನೆಯಲ್ಲಿ ಸಕ್ಕರೆ ಅಳೆಯುವ ಮೀಟರ್ ಇಟ್ಟುಕೊಂಡವರನ್ನು ಗೊಂದಲಕ್ಕೆ ತಳ್ಳುವ ಎರಡು ಸಂಗತಿಗಳಿವೆ. ಮೊದಲನೆಯದು: ಪೊಸಡಿಗುಂಪೆ ಗುಡ್ಡವನ್ನು ಓಡಿ ಹತ್ತಿದಂಥ ಬಿರುಸಿನ ವ್ಯಾಯಾಮದ ಕೂಡಲೇ ಸಕ್ಕರೆ ಇಳಿಯುವ ಬದಲು ಏರಿರುತ್ತದೆ. ಅಡ್ರಿನಲಿನ್ ಉಕ್ಕಿ, ಸ್ನಾಯು ಬಳಸುವುದಕ್ಕಿಂತ ಹೆಚ್ಚು ಗ್ಲೂಕೋಸನ್ನು ಯಕೃತ್ತು ರಕ್ತಕ್ಕೆ ಬಿಡುವುದರಿಂದ ಹೀಗೆ. ಸ್ವಲ್ಪ ಹೊತ್ತು ಕಳೆದರೆ ತಾನಾಗಿ ಇಳಿಯುತ್ತದೆ, ಓಡಿದ್ದು ತಪ್ಪಾಯಿತೆಂದು ಬಿಡಬೇಡಿ. ಎರಡನೆಯದು ಇದರ ವಿರುದ್ಧ. ಸಿಹಿ ಚಹಾ, ಎರಡು ಬಾಳೆಹಣ್ಣು ತಿಂದು ಮುಕ್ಕಾಲು ಗಂಟೆ ಬಿಟ್ಟು ಶಟಲ್ ಆಡಲು ಇಳಿದವರಿಗೆ ಮೊದಲ ಕಾಲು ಗಂಟೆಯಲ್ಲಿ ಕೈ ನಡುಗಿ, ತಣ್ಣನೆ ಬೆವರಿ, ಸುಸ್ತಾಗುವುದುಂಟು. ಸಿಹಿಗೆ ಹೊರಟ ಇನ್ಸುಲಿನ್ ಆಗ ರಕ್ತದಲ್ಲಿ ಮೇಲಿದೆ, ಅದೇ ಹೊತ್ತಿಗೆ ಸ್ನಾಯುವೂ ಎಳೆಯತೊಡಗಿದೆ. ಹೆಚ್ಚಿನವರಲ್ಲಿ ದೇಹವೇ ಸರಿಮಾಡಿಕೊಳ್ಳುತ್ತದೆ. ಸರಿಯಾಗದಿದ್ದರೆ ಆಟ ನಿಲ್ಲಿಸಿ, ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿದು ಕೂರಿ. ಮುಂದಿನ ಸಲ ಆಟಕ್ಕೆ ಎರಡು ಗಂಟೆ ಮೊದಲೇ ತಿನ್ನಿ, ಅಥವಾ ಅಂಗಣಕ್ಕೆ ಇಳಿಯುವ ಐದು ನಿಮಿಷ ಮೊದಲು ಸ್ವಲ್ಪ ಮಾತ್ರ ತಿನ್ನಿ. ತೊಂದರೆ ಕೊಡುವುದು ನಡುವಿನ ಆ ಮುಕ್ಕಾಲು ಗಂಟೆ.

ಬ್ರಹ್ಮಕಲಶದ ಊಟ, ಹಲಸಿನ ಹಣ್ಣು

ಪಂಕ್ತಿಯ ಊಟದಲ್ಲಿ ಪಾಯಸ, ಹೋಳಿಗೆ, ಮೇಲೆ ತುಪ್ಪ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ತಡ ಮಾಡುವುದರಿಂದ ಸಕ್ಕರೆಯ ತುದಿ ಮುಂದಕ್ಕೆ ಹೋಗುತ್ತದೆ, ಏರಿದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಆ ದಿನ ಒಂದೇ ನಡಿಗೆ ಸಾಲದು. ಎಲೆಯಿಂದ ಎದ್ದ ಮೇಲೆ 15 ನಿಮಿಷ ಗದ್ದೆಯ ಹುಣಿಯಲ್ಲೋ ಪಾರ್ಕಿಂಗ್ ಜಾಗದ ತನಕವೋ ನಡೆದು, ಒಂದು ಗಂಟೆ ಕಳೆದು ಮತ್ತೆ ಹತ್ತು ನಿಮಿಷ ನಡೆಯಿರಿ. ಚಪ್ಪರದಲ್ಲಿ ಕೂತು ಯಾರ ಮಗಳಿಗೆ ಯಾವ ಕಡೆಯ ಸಂಬಂಧ ಎಂದು ಕೇಳುವುದನ್ನು ನಡೆಯುತ್ತಲೂ ಕೇಳಬಹುದು.

ಹಲಸಿನ ಹಣ್ಣಿನಲ್ಲಿ 100 ಗ್ರಾಮಿಗೆ ಸುಮಾರು 23 ಗ್ರಾಂ ಶರ್ಕರಪಿಷ್ಟ. ಮೇ, ಜೂನಿನಲ್ಲಿ ಮಧ್ಯಾಹ್ನ ಮೂರಕ್ಕೆ ಹಣ್ಣು ಕೊರೆದು ಹನ್ನೆರಡು ಸೊಳೆ ತಿಂದವರು 'ಊಟ ಮಾಡಲಿಲ್ಲ, ಹಣ್ಣು ಮಾತ್ರ' ಎನ್ನುತ್ತಾರೆ. ರಕ್ತಕ್ಕೆ ಆ ಭೇದ ತಿಳಿಯದು. ಅದಕ್ಕೂ ಹತ್ತು ನಿಮಿಷದ ನಡಿಗೆ ಸಲ್ಲಬೇಕು.

ನಿಮ್ಮ ಬೆರಳಿನಲ್ಲಿಯೇ ನೋಡುವುದು

ಇದು ಕಡ್ಡಾಯವಲ್ಲ. ಆದರೂ ಒಮ್ಮೆ ಕಣ್ಣಾರೆ ನೋಡಿದರೆ ನಡಿಗೆ ಬಿಡುವ ಮನಸ್ಸಾಗುವುದಿಲ್ಲ. ಬೇಕಾದದ್ದು ಒಂದು ಗ್ಲುಕೋಮೀಟರು, ಅದಕ್ಕೆ ಹಾಕುವ 20 ಪರೀಕ್ಷಾ ಪಟ್ಟಿ, ಅಡುಗೆಮನೆಯ ತಕ್ಕಡಿ.

ನಾಲ್ಕು ದಿನ, ಒಂದೇ ಹೊತ್ತಿಗೆ, ಒಂದೇ ಊಟ. ಅನ್ನವನ್ನು ತೂಗಿಯೇ ಬಡಿಸಿಕೊಳ್ಳಿ. ಕಣ್ಣಳತೆ ನಂಬಿದರೆ ಪ್ರಯೋಗ ಅಲ್ಲಿಗೇ ಕೆಟ್ಟಿತು. ಉಣ್ಣುವ ಮೊದಲು ಒಂದು ಸಲ, ಮೊದಲ ತುತ್ತಿನಿಂದ 30, 60, 90, 120ನೆಯ ನಿಮಿಷಕ್ಕೆ ಒಂದೊಂದು ಸಲ ನೋಡಿ ಬರೆದಿಡಿ. ಒಂದನೆಯ ಮತ್ತು ಮೂರನೆಯ ದಿನ ಊಟದ ನಂತರ ಕೂತಿರಿ, ಎರಡನೆಯ ಮತ್ತು ನಾಲ್ಕನೆಯ ದಿನ 25ನೆಯ ನಿಮಿಷಕ್ಕೆ ಹೊರಟು 20 ನಿಮಿಷ ನಡೆಯಿರಿ. ನಡಿಗೆಯ ದಿನ 30ನೆಯ ನಿಮಿಷದ ಅಳತೆಗೆ ಒಂದು ಗಳಿಗೆ ನಿಂತರೆ ಸಾಕು, ಮೀಟರ್ ಕಿಸೆಯಲ್ಲಿರಲಿ. ಹಿಂದಿನ ದಿನ ತೋಟದಲ್ಲಿ ಬಿರುಸಾಗಿ ದುಡಿದಿದ್ದರೆ ಅದರ ಪ್ರಭಾವ ಮರುದಿನಕ್ಕೂ ಉಳಿಯುವುದರಿಂದ ಆ ದಿನವನ್ನು ಪ್ರಯೋಗಕ್ಕೆ ಇಟ್ಟುಕೊಳ್ಳಬೇಡಿ.

ತಪ್ಪು ಅಂಕಿ ಬರುವುದು ಹೆಚ್ಚಾಗಿ ಕೈಯಿಂದ. ನಾವು ಕೈಯಲ್ಲಿ ಕಲಸಿ ಉಣ್ಣುವವರು. ಬೆರಳಿನಲ್ಲಿ ಪಾಯಸದ, ಹಲಸಿನ ಅಂಟು ಉಳಿದಿದ್ದರೆ ಇಲ್ಲದ ಸಕ್ಕರೆಯನ್ನು ಮೀಟರ್ ತೋರಿಸುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ಸಾಬೂನು ಹಾಕಿ ತೊಳೆದು ಪೂರ್ತಿ ಒಣಗಿಸಿ, ಊಟಕ್ಕೆ ಬಳಸದ ಎಡಗೈಯನ್ನು ಚುಚ್ಚಿ. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ಅಂಕಿ ಕಡಿಮೆ ಬರುತ್ತದೆ. ಬೆರಳಿನ ತುದಿಯ ನಡುವೆ ಚುಚ್ಚದೆ ಬದಿಯಲ್ಲಿ ಚುಚ್ಚಿದರೆ ನೋವು ಕಡಿಮೆ. ಮಳೆಗಾಲದಲ್ಲಿ ಪಟ್ಟಿಯ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಪಟ್ಟಿ ಕೆಡುತ್ತದೆ, ಒಂದು ತೆಗೆದ ಕೂಡಲೇ ಮುಚ್ಚಿ. ಅವಧಿ ಮುಗಿದ ಪಟ್ಟಿ ಬೇಡ.

ಅಂಕಿ ಓದುವಾಗಲೂ ಸ್ವಲ್ಪ ತಾಳ್ಮೆ ಬೇಕು. ಮನೆಯ ಮೀಟರಿಗೆ ಅಂತಾರಾಷ್ಟ್ರೀಯ ಮಾನದಂಡವೇ 15 ಶೇಕಡಾ ಆಚೀಚೆಗೆ ಅವಕಾಶ ಕೊಡುತ್ತದೆ. ಒಂದು ದಿನ 132, ಇನ್ನೊಂದು ದಿನ 124 ಬಂತೆಂದು ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಕೂತ ಎರಡು ದಿನಗಳಲ್ಲೂ 60ನೆಯ ನಿಮಿಷದ ಅಂಕಿ 140ರ ಸುತ್ತ, ನಡೆದ ಎರಡು ದಿನಗಳಲ್ಲೂ 115ರ ಸುತ್ತ ಬಂದರೆ ಅದು ನಡಿಗೆಯ ಕೆಲಸವೆಂದು ನಂಬಬಹುದು.

ಕೂತ ದಿನಗಳಲ್ಲಿ 120ನೆಯ ನಿಮಿಷಕ್ಕೂ 140ಕ್ಕಿಂತ ಮೇಲಿದ್ದರೆ, ಅಥವಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಮತ್ತೆ 100 ದಾಟಿದರೆ, ಮೀಟರನ್ನು ಬದಿಗಿಟ್ಟು ಲ್ಯಾಬಿಗೆ ಹೋಗಿ. ಉಪವಾಸದ ಸಕ್ಕರೆ ಮತ್ತು ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಎರಡನ್ನೂ ಮಾಡಿಸಿ, ಎರಡನೆಯದು 5.7 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಿ. ಊಟದ ನಂತರ ನಡೆಯುವಾಗ ಎದೆ ಬಿಗಿಯುವುದು, ಎಡಗೈಗೋ ದವಡೆಗೋ ನೋವು ಹಬ್ಬುವುದು ಆದರೆ ಅಲ್ಲಿಯೇ ನಿಂತು ಕೂಡಲೇ ಆಸ್ಪತ್ರೆಗೆ ಹೋಗಬೇಕು, ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದು ಕೂರಬಾರದು.